ಥ್ಯಾಕರೆ: ದತ್ತಕ ಹೋದ ಅಡ್ಡಹೆಸರು

ಅಕ್ಟೋಬರ್ 23 ಹತ್ತಿರ ಬಂತೆಂದರೆ ಬೈಲಹೊಂಗಲ, ಕಿತ್ತೂರು, ಧಾರವಾಡದ ಕಡೆ ಒಬ್ಬ ಇಂಗ್ಲಿಷ್ ಅಧಿಕಾರಿಯ ಅಡ್ಡಹೆಸರು ಮತ್ತೆ ಬಾಯಿಗೆ ಬರುತ್ತದೆ. ಕಿತ್ತೂರು ಉತ್ಸವದ ಭಾಷಣದಲ್ಲಿ ಬರುತ್ತದೆ, ಶಾಲೆಯ ಮಕ್ಕಳ ನಾಟಕದಲ್ಲಿ ಬರುತ್ತದೆ. ನಾಟಕದಲ್ಲಂತೂ ಟೊಪ್ಪಿಗೆ ಹಾಕಿಕೊಂಡು ಒಡಕು ಕನ್ನಡ ಮಾತಾಡುವ ಪಾತ್ರ ಅವನದು. ಎಲ್ಲ ಕಡೆಯೂ ಬರೀ ಥ್ಯಾಕರೆ. ಅವನ ಸ್ವಂತ ಹೆಸರು ಸೇಂಟ್ ಜಾನ್ ಎಂಬುದು ನಾಟಕ ಬರೆದವರಿಗೂ ಬೇಕಾಗಿಲ್ಲ. ಕಿತ್ತೂರಿನ ಪಾಲಿಗೆ ಅವನು ಒಂದು ಅಡ್ಡಹೆಸರು ಮಾತ್ರ.

ಆ ಅಡ್ಡಹೆಸರಿನ ಸುತ್ತ ನಮ್ಮ ಕಡೆಯ ಕಟ್ಟೆಯ ಮಾತಿನಲ್ಲಿ ಎರಡು ಪ್ರಶ್ನೆಗಳು ಸದಾ ಏಳುತ್ತವೆ. ಕಿತ್ತೂರಿನಲ್ಲಿ ಸತ್ತ ಥ್ಯಾಕರೆಗೂ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೂ ಏನು ಸಂಬಂಧ? ಅವನಿಗೂ ಮುಂಬಯಿಯ ಠಾಕ್ರೆಯವರಿಗೂ ಏನಾದರೂ ನಂಟು ಉಂಟೇ? ಮೊದಲನೆಯದಕ್ಕೆ ಅಣ್ಣ, ತಂದೆ, ಅಜ್ಜ ಎಂದು ನಾನಾ ಉತ್ತರ ಕೇಳಿಬರುತ್ತವೆ. ಎರಡನೆಯದಕ್ಕೆ ಉತ್ತರಕ್ಕಿಂತ ಹೆಚ್ಚಾಗಿ ನಗೆಯೋ ಸಿಟ್ಟೋ ಬರುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಈ ಹೆಸರನ್ನು ತಣ್ಣಗೆ ಕೇಳಿಸಿಕೊಳ್ಳುವುದು ಕಷ್ಟ. ಆದರೂ ಎರಡು ಪ್ರಶ್ನೆಗಳಿಗೂ ಖಚಿತವಾದ ಉತ್ತರಗಳಿವೆ. ಒಂದರ ಜೊತೆ ಇನ್ನೊಂದನ್ನು ಇಟ್ಟು ನೋಡಿದರೆ ಒಂದು ವಕ್ರವಾದ ಕಥೆಯೇ ಹೊರಬರುತ್ತದೆ.

ಹೆಸರಿನ ಮೂಲವನ್ನು ಬೇಗ ಮುಗಿಸಿಬಿಡೋಣ. ಥ್ಯಾಕರೆ ಎಂಬುದು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹೆಸರು, ಅದೂ ಊರಿನಿಂದ ಬಂದದ್ದು. ಮನೆಗೆ ಹೊದಿಸುವ ಜೊಂಡು ಬೆಳೆಯುವ ಮೂಲೆ ಎಂಬ ಅರ್ಥದ ಹಳೆಯ ನಾರ್ಸ್ ಮಾತಿನಿಂದ ಥ್ಯಾಕ್ರೆ ಎಂಬ ಹಳ್ಳಿಗೆ ಹೆಸರಾಯಿತು, ಹಳ್ಳಿಯಿಂದ ಜನರಿಗೆ ಬಂತು. ಆ ಹಳ್ಳಿಯ ನೆಲ ಈಗ ಫ್ಯೂಸ್ಟನ್ ಜಲಾಶಯದ ಅಡಿಯಲ್ಲಿದೆ. ಊರು ಮುಳುಗಿ ಅಡ್ಡಹೆಸರು ಮಾತ್ರ ಉಳಿಯುವುದು ಹೇಗೆಂದು ಸವದತ್ತಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಒಡ್ಡು ಹಾಕಿದ ಮೇಲೆ ಅವರೂ ಇದನ್ನು ಕಂಡವರೇ. ಹಿಂದೆ ಗುಮಾಸ್ತ, ಪಾದ್ರಿ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದುದರಿಂದ ಥ್ಯಾಕ್ರೆ, ಥ್ಯಾಕ್ರಾ, ಥ್ಯಾಕರಾ ಎಂದು ಇಂಗ್ಲೆಂಡಿನಲ್ಲೇ ಹಲವು ರೂಪಗಳಾದವು. ಕೆಲಸದಿಂದ ಬರುವ ರೋಗಗಳ ಮೇಲೆ 1831ರಲ್ಲಿ ಪುಸ್ತಕ ಬರೆದ ಲೀಡ್ಸ್ ನಗರದ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಇಂಥ ಒಂದು ರೂಪದವನು. ಅದೇ ಲೀಡ್ಸ್‌ನಲ್ಲಿ ಇಂದು ಥ್ಯಾಕ್ರೆ ಹೆಸರಿನ ವೈದ್ಯಕೀಯ ವಸ್ತುಸಂಗ್ರಹಾಲಯವೂ ಇದೆ. ಇವರೆಲ್ಲ ಒಂದೇ ಮನೆತನದವರೆಂದು ತಿಳಿಯಬಾರದು. ಊರಿನಿಂದ ಬಂದ ಹೆಸರು ಆ ಊರು ಬಿಟ್ಟವರೆಲ್ಲರದೂ ಆಗುತ್ತದೆ.

ಇದನ್ನು ನಮ್ಮವರು ಚೆನ್ನಾಗಿ ಬಲ್ಲರು. ಹಳೆ ಮೈಸೂರಿನಲ್ಲಿ ತಂದೆಯ ಹೆಸರು, ಊರಿನ ಹೆಸರು ಸೊರಗಿ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ನಿಲ್ಲುತ್ತವೆ. ನಮ್ಮ ಕಡೆ ಹಾಗಲ್ಲ. "ನಿಮ್ಮ ಅಡ್ಡೆಸರ ಏನ್ರಿ?" ಎಂದು ಕೇಳದೆ ಇಲ್ಲಿ ಪರಿಚಯವೇ ಮುಂದೆ ಸಾಗುವುದಿಲ್ಲ. ಉತ್ತರ ಒಂದು ಊರಾಗಿರುತ್ತದೆ, ಇಲ್ಲವೇ ಪಾಟೀಲ, ದೇಸಾಯಿ, ಕುಲಕರ್ಣಿ, ತಳವಾರ ಎಂಬ ಒಂದು ಹುದ್ದೆ, ಅದೂ ಇಲ್ಲದಿದ್ದರೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬ ಅಂಗಡಿಯ ಮಾಲು. ಮಲ್ಲಿಕಾರ್ಜುನ ಮನ್ಸೂರರ ಮನ್ಸೂರು ಧಾರವಾಡದ ಪಕ್ಕದ ಹಳ್ಳಿ, ಕವಿ ಎಸ್. ಡಿ. ಇಂಚಲರ ಇಂಚಲ ನಮ್ಮ ಸೀಮೆಯದೇ ಊರು. ಮರಾಠಿಯವರು ಊರಿನ ಹೆಸರಿನ ಕೊನೆಗೆ 'ಕರ' ಸೇರಿಸಿಕೊಳ್ಳುತ್ತಾರೆ, ಕನ್ನಡದವರು ಬರೀ ಊರನ್ನೇ ಹೊತ್ತುಕೊಂಡು ತಿರುಗುತ್ತಾರೆ. ಊರ ಹೆಸರುಗಳನ್ನೇ ಸಾಕ್ಷಿಗೆ ಕರೆದು ಕನ್ನಡ ನಾಡಿನ ಹಳೆಯ ಎಲ್ಲೆ ಹುಡುಕಿದ ಶಂಬಾ ಜೋಶಿ ಹುಟ್ಟಿದ್ದು ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ, 1896ರಲ್ಲಿ. 'ಎಡೆಗಳು ಹೇಳುವ ಕಂನಾಡ ಕಥೆ' ಬರೆದ ಅವರ ಸೀಮೆಯಲ್ಲಿ ಹೆಸರಿನ ಜಾಡು ಹಿಡಿಯುವುದು ಹೊಸ ಚಾಳಿಯೇನಲ್ಲ.

ಈಗ ಮನೆತನಕ್ಕೆ ಬರೋಣ. ನಮಗೆ ಬೇಕಾದ ಥ್ಯಾಕರೆಗಳು ಯಾರ್ಕ್‌ಷೈರಿನ ಹ್ಯಾಂಪ್ಸ್‌ಥ್ವೇಟ್ ಊರಿನ ಬಡ ರೈತರ ಕುಲ. ಅವರಲ್ಲೊಬ್ಬ, ಥಾಮಸ್ ಥ್ಯಾಕರೆ, ಓದಿ ಮೇಲೆ ಬಂದು ಹ್ಯಾರೋ ಶಾಲೆಯ ಮುಖ್ಯಸ್ಥನಾದ. ಅವನಿಗೆ 16 ಮಕ್ಕಳು. ಕೊನೆಯವನು ವಿಲಿಯಂ ಮೇಕ್‌ಪೀಸ್ ಥ್ಯಾಕರೆ 1766ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾರಕೂನನಾಗಿ ಕಲ್ಕತ್ತೆಗೆ ಬಂದ. ಕಾದಂಬರಿಕಾರನ ಅಜ್ಜ ಇವನೇ, ಹೆಸರೂ ಅದೇ. ಈ ಅಜ್ಜ ಸಿಲ್ಹಟ್‌ನಲ್ಲಿ ಕಂದಾಯ ಎತ್ತುವ ಕೆಲಸದ ಜೊತೆಗೆ ಕಾಡಾನೆ ಹಿಡಿಸಿ ಕಂಪನಿಗೇ ಮಾರುವ ಸ್ವಂತ ವ್ಯಾಪಾರ ನಡೆಸಿದ. ಮಾರಿದ ಆನೆಗಳಲ್ಲಿ ಬಹಳಷ್ಟು ದಾರಿಯಲ್ಲೇ ಸತ್ತವು. ಕಂಪನಿ ದುಡ್ಡು ಕೊಡಲು ತಕರಾರು ಮಾಡಿದಾಗ ಅದರ ನೌಕರನಾಗಿದ್ದುಕೊಂಡೇ ಕೋರ್ಟಿಗೆ ಹೋಗಿ ಗೆದ್ದ! ಹತ್ತೇ ವರ್ಷದಲ್ಲಿ ಗಂಟು ಕಟ್ಟಿಕೊಂಡು ಇಂಗ್ಲೆಂಡಿಗೆ ಮರಳಿ ಹೊಲಮನೆ ಮಾಡಿಕೊಂಡ.

ಅವನ ಮಕ್ಕಳ ಅದೃಷ್ಟ ಬೇರೆ. ಏಳು ಗಂಡುಮಕ್ಕಳಲ್ಲಿ ಒಬ್ಬ ಪಾದ್ರಿಯಾದ, ಉಳಿದ ಆರು ಜನ ಭಾರತಕ್ಕೆ ಬಂದರು. ಅಪ್ಪನಂತೆ ಗಂಟು ಕಟ್ಟಿಕೊಂಡು ಹೋಗಿ ಊರಲ್ಲಿ ಮುಪ್ಪು ಕಳೆಯುವ ಯೋಗ ಆರರಲ್ಲಿ ಒಬ್ಬನಿಗೂ ಬರಲಿಲ್ಲ. ವೆಬ್ 1807ರಲ್ಲಿ ತೀರಿಕೊಂಡ. ಥಾಮಸ್ 1814ರಲ್ಲಿ ಗೂರ್ಖಾ ಯುದ್ಧದಲ್ಲಿ ಸತ್ತ. ರಿಚ್‌ಮಂಡ್ 1815ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಅವನ ಒಬ್ಬನೇ ಮಗ ಆಗ ನಾಲ್ಕು ವರ್ಷದ ಹುಡುಗ. ಮುಂದೆ 'ವ್ಯಾನಿಟಿ ಫೇರ್' ಬರೆದವನು ಆ ಹುಡುಗನೇ. ಹಿರಿಯ ವಿಲಿಯಂ 1823ರಲ್ಲಿ, ಸೇಂಟ್ ಜಾನ್ 1824ರಲ್ಲಿ ಕಿತ್ತೂರಿನಲ್ಲಿ, ಚಾರ್ಲ್ಸ್ 1846ರಲ್ಲಿ ಕಲ್ಕತ್ತೆಯಲ್ಲಿ. ಈ ಅಣ್ಣತಮ್ಮಂದಿರ ಮೇಲೆ ಡಬ್ಲ್ಯು. ಡಬ್ಲ್ಯು. ಹಂಟರ್ 1897ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅದರ ಹೆಸರಿನಲ್ಲೇ ಗೋರಿಗಳ ಮಾತು ಬರುತ್ತದೆ. ಹೀಗಾಗಿ ಮೊದಲ ಪ್ರಶ್ನೆಗೆ ಉತ್ತರ: ಕಿತ್ತೂರಿನ ಥ್ಯಾಕರೆ ಕಾದಂಬರಿಕಾರನ ಖಾಸಾ ಚಿಕ್ಕಪ್ಪ, ತಂದೆಯ ಒಡಹುಟ್ಟಿದ ತಮ್ಮ.

ಇವರಲ್ಲಿ ಹಿರಿಯ ವಿಲಿಯಂನ ಬಗ್ಗೆ ಕನ್ನಡಿಗರು ಹೆಚ್ಚು ತಿಳಿಯಬೇಕು ಎಂದು ನನಗೆ ಅನ್ನಿಸುತ್ತದೆ. ಮದ್ರಾಸಿನ ಕಂದಾಯ ಇಲಾಖೆಯಲ್ಲಿದ್ದ ಅವನು ಥಾಮಸ್ ಮನ್ರೋನ ಗರಡಿಯವನು. 1807ರಲ್ಲಿ ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿ ಕಂದಾಯದ ವರದಿ ಬರೆದ, ರಯತವಾರಿ ಪದ್ಧತಿಯ ಪರವಾಗಿ ಗಟ್ಟಿಯಾಗಿ ವಾದಿಸಿದ. ಸರ್ಕಾರಕ್ಕೂ ರೈತನಿಗೂ ನಡುವೆ ಯಾರೂ ಇರಬಾರದು ಎನ್ನುವುದು ಆ ಗರಡಿಯ ಪಟ್ಟು. ದೇಸಾಯಿ, ಪಾಳೆಯಗಾರ, ಇನಾಂದಾರ ಎಲ್ಲರೂ ಅವರ ಕಣ್ಣಿಗೆ ನಡುವೆ ನಿಂತು ತಿನ್ನುವವರೇ. 1818ರಲ್ಲಿ ಪೇಶ್ವೆಯ ರಾಜ್ಯ ಬಿದ್ದು ಧಾರವಾಡ, ಬೆಳಗಾವಿ ಸೀಮೆ ಕಂಪನಿಯ ಕೈಸೇರಿದ್ದು ಮನ್ರೋನ ದಂಡಿನಿಂದ. ಹಾಗಾಗಿ ಪುಣೆಯ ಕಮಿಷನರನ ಕೈಕೆಳಗಿದ್ದರೂ ಇಲ್ಲಿ ಕಲೆಕ್ಟರುಗಳಾಗಿ ಕೂತವರು ಮದ್ರಾಸಿನ ಹುಡುಗರು. ಸೇಂಟ್ ಜಾನ್ ಅವರಲ್ಲೊಬ್ಬ: ಧಾರವಾಡದ ಪ್ರಿನ್ಸಿಪಲ್ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್, ಮೂವತ್ತು ದಾಟಿದ ವಯಸ್ಸು. ಕಿತ್ತೂರಿನ ಜಗಳವನ್ನು ಒಬ್ಬ ದುರಹಂಕಾರಿಯ ಮುಂಗೋಪ ಎಂದು ನಾಟಕಗಳು ತೋರಿಸುತ್ತವೆ. ಮುಂಗೋಪ ಇತ್ತು, ನಿಜ. ಆದರೆ ಕಾಗದದ ಮೇಲೆ ಒಂದು ಲೆಕ್ಕಾಚಾರವೂ ಇತ್ತು, ಅದನ್ನು ಅಣ್ಣನ ಮತ್ತು ಅಣ್ಣನ ಗುರುವಿನ ಗರಡಿಯಲ್ಲಿ ಕಲಿತು ಬಂದಿದ್ದ.

ಕಿತ್ತೂರಿನ ದೇಸಾಯಿ ಮಲ್ಲಸರ್ಜ ಪೇಶ್ವೆಯ ಸೆರೆಯಲ್ಲಿ ನರಳಿ 1816ರಲ್ಲಿ ತೀರಿಕೊಂಡಿದ್ದ. ಮಗ ಶಿವಲಿಂಗರುದ್ರಸರ್ಜ ಇಂಗ್ಲಿಷರ ಜೊತೆ ಸೇರಿ ಸಂಸ್ಥಾನ ಉಳಿಸಿಕೊಂಡಿದ್ದ. ಮಕ್ಕಳಿಲ್ಲದ ಅವನು 1824ರ ಸೆಪ್ಟೆಂಬರಿನಲ್ಲಿ ಸಾಯುವ ಹೊತ್ತಿಗೆ ಮಸ್ತಮರಡಿಯ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿರುವುದಾಗಿ ಧಾರವಾಡಕ್ಕೆ ಕಾಗದ ಹೋಯಿತು. ಥ್ಯಾಕರೆ ಅದನ್ನು ನಂಬಲಿಲ್ಲ. ಸಹಿ ದೇಸಾಯಿಯದಲ್ಲ, ಸತ್ತ ಮೇಲೆ ಕಟ್ಟಿದ ಕಾಗದ ಇದು ಎಂದ. ಸರ್ಕಾರದ ಅಪ್ಪಣೆಯಿಲ್ಲದ ದತ್ತಕ ನಡೆಯದು ಎಂದ. ಮೇಲಿನವರ ಕೊನೆಯ ತೀರ್ಮಾನ ಬರುವ ಮೊದಲೇ ಖಜಾನೆಗೆ ಮೊಹರು ಹಾಕಿಸಿದ, ಅರಮನೆಯ ವ್ಯವಹಾರ ನೋಡಿಕೊಳ್ಳಲು ತನ್ನ ಜನರನ್ನು ಇಟ್ಟ. ರಾಣಿ ಚನ್ನಮ್ಮ ಪುಣೆಯ ಕಮಿಷನರ್ ಚಾಪ್ಲಿನ್ ಮತ್ತು ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ರತ್ತ ಬೇಡಿಕೆ ಕಳಿಸಿದಳು. ಡಾಲ್‌ಹೌಸಿ ದತ್ತಕದ ನೆಪದಲ್ಲಿ ಸಂಸ್ಥಾನಗಳನ್ನು ನುಂಗಲು ಹೊರಟಿದ್ದು 1848ರ ನಂತರ. ಅದಕ್ಕಿಂತ ಸುಮಾರು ಕಾಲು ಶತಮಾನ ಮುಂಚೆಯೇ ಅದರ ತಾಲೀಮು ಕಿತ್ತೂರಿನಲ್ಲಿ ನಡೆದಿತ್ತು.

ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಥ್ಯಾಕರೆ ಬಾಗಿಲು ತೆರೆಯಲು ಗಡುವು ಕೊಟ್ಟು ತೋಪು ತಂದು ನಿಲ್ಲಿಸಿದ. ಬಾಗಿಲು ತೆರೆಯಿತು, ಆದರೆ ಒಳಗಿನವರು ಹೊರಗೆ ನುಗ್ಗಲು. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸೀವೆಲ್, ಲೆಫ್ಟಿನೆಂಟ್ ಡೈಟನ್ ಸತ್ತರು. ಮಾತುಕತೆಗೆಂದೋ ಗದರಿಸಲೆಂದೋ ಮುಂದೆ ಬಂದ ಥ್ಯಾಕರೆ ಗುಂಡು ತಗುಲಿ ಬಿದ್ದ. ಗುಂಡು ಹಾರಿಸಿದವನು ಬೈಲಹೊಂಗಲ ಸೀಮೆಯ ಅಮಟೂರಿನ ಬಾಳಪ್ಪ ಎಂದು ಜನರ ನೆನಪು ಹೇಳುತ್ತದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ಬಾಳಪ್ಪನೂ ಊರಿನ ಹೆಸರಿನಿಂದಲೇ ಚರಿತ್ರೆಯಲ್ಲಿ ಉಳಿದ, ಸಂಗೊಳ್ಳಿಯ ರಾಯಣ್ಣನೂ ಹಾಗೆಯೇ. ಥ್ಯಾಕರೆಯ ಸಮಾಧಿ ಧಾರವಾಡದಲ್ಲಿದೆ. ಡಿಸೆಂಬರ್ ಮೊದಲ ವಾರದಲ್ಲಿ ಡೀಕನ್‌ನ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ತೀರಿಕೊಂಡಳು, ಅವಳ ಸಮಾಧಿ ಬೈಲಹೊಂಗಲದಲ್ಲೇ ಇದೆ. ಅವಳ ಬಂಟ ರಾಯಣ್ಣ ಅದೇ ಶಿವಲಿಂಗಪ್ಪನ ಹೆಸರೆತ್ತಿ ಮತ್ತೆ ಬಂಡೆದ್ದು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಆ ಹುಡುಗ ಗಾದಿಗೆ ಬರಲಿಲ್ಲ.

ಇಷ್ಟೆಲ್ಲ ನಡೆದಾಗ ಕಾದಂಬರಿಕಾರ ಥ್ಯಾಕರೆ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದ 13 ವರ್ಷದ ಹುಡುಗ. ಅವನ ಜೀವನಚರಿತ್ರೆಗಳಲ್ಲಿ ಕಿತ್ತೂರಿಗೆ ಸಿಗುವ ಜಾಗ ಒಂದೆರಡು ಸಾಲು. ಅದಕ್ಕೆ ಪ್ರತಿಯಾಗಿ ನಾವು ಕಿತ್ತೂರಿನ ಪುಸ್ತಕಗಳಲ್ಲಿ "ಪ್ರಸಿದ್ಧ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ" ಎಂದು ಅಲಂಕಾರಕ್ಕೆ ಬಳಸುತ್ತೇವೆ. ಚನ್ನಮ್ಮ ಹೊಡೆದುರುಳಿಸಿದವನು ದೊಡ್ಡ ಮನೆಯವನು ಎಂದು ಹೇಳಿಕೊಂಡರೆ ಅವಳ ಗೆಲುವು ದೊಡ್ಡದಾಗುತ್ತದೆಯೇ? ನನಗೆ ಹಾಗನ್ನಿಸಿಲ್ಲ. ಕಾದಂಬರಿಕಾರನ ಬರಹದಲ್ಲಿ ನಮಗೆ ಬೇಕಾದದ್ದು ಬೇರೆ ಇದೆ. ಮನೆಯ ಆರು ಜನರನ್ನು ಭಾರತಕ್ಕೆ ತೆತ್ತ ಕುಲದಲ್ಲಿ ಹುಟ್ಟಿದ ಅವನು ಭಾರತದ ಇಂಗ್ಲಿಷ್ ಅಧಿಕಾರಿಯನ್ನು ವೀರನನ್ನಾಗಿ ಮಾಡಲಿಲ್ಲ. 1847–48ರ 'ವ್ಯಾನಿಟಿ ಫೇರ್' ಕಾದಂಬರಿಯ ಜಾಸ್ ಸೆಡ್ಲಿ ಕಂಪನಿಯ ಕಲೆಕ್ಟರ್. ಉಂಡು ಊದಿದ, ಹೆಂಗಸರೆದುರು ನಾಚುವ, ಹುಲಿಬೇಟೆಯ ಬಡಾಯಿ ಕೊಚ್ಚುವ ಪುಕ್ಕಲ. ಅದಕ್ಕೂ ಮೊದಲು ಬರೆದ ಮೇಜರ್ ಗಹಾಗನ್ನನ ಕಥೆಯಂತೂ ಭಾರತದ ಯುದ್ಧಪ್ರತಾಪಗಳ ಬಗ್ಗೆ ಮೊದಲಿನಿಂದ ಕೊನೆಯವರೆಗೂ ಗೇಲಿ. ಅಪ್ಪ ಬಿಟ್ಟುಹೋದ ಹಣ 1833ರ ಹೊತ್ತಿಗೆ ಕಲ್ಕತ್ತೆಯ ಏಜೆನ್ಸಿ ಹೌಸುಗಳು ಮುಳುಗಿದಾಗ ಕರಗಿ ಹೋಯಿತು. 'ದಿ ನ್ಯೂಕಮ್ಸ್' ಕಾದಂಬರಿಯಲ್ಲಿ ದಿವಾಳಿಯಾಗುವ ಬುಂದೇಲಖಂಡ ಬ್ಯಾಂಕಿನ ಹಿಂದೆ ಆ ಗಾಯ ಇದೆ. ಚಿಕ್ಕಪ್ಪ ಕಲೆಕ್ಟರನಾಗಿ ಸತ್ತ, ಅಣ್ಣನ ಮಗ ಕಲೆಕ್ಟರನನ್ನು ನಗೆಪಾಟಲು ಮಾಡಿ ಹೆಸರು ಗಳಿಸಿದ. ಮನೆತನದ ಇನ್ನೊಂದು ಕವಲು ಹಳೆಯ ದಾರಿ ಬಿಡಲಿಲ್ಲ. ಪಾದ್ರಿಯಾದ ಫ್ರಾನ್ಸಿಸ್‌ನ ಮಗ ಎಡ್ವರ್ಡ್ ಟಾಲ್ಬಟ್ ಥ್ಯಾಕರೆ 1857ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಮದ್ದಿನಮನೆಯಲ್ಲಿ ಬೆಂಕಿ ನಂದಿಸಿ ವಿಕ್ಟೋರಿಯಾ ಕ್ರಾಸ್ ಪಡೆದ. ಕಿತ್ತೂರಿನಲ್ಲಿ ಸತ್ತವನಿಗೆ ಇವನೂ ಅಣ್ಣತಮ್ಮನ ಮಗನೇ.

ಎರಡನೆಯ ಪ್ರಶ್ನೆ ಈಗ. ಶಿವಸೇನೆ ಕಟ್ಟಿದ ಬಾಳ ಠಾಕ್ರೆಯವರ ತಂದೆ ಕೇಶವ ಸೀತಾರಾಮ ಠಾಕ್ರೆ ಹುಟ್ಟಿದ್ದು 1885ರಲ್ಲಿ ಪನ್ವೇಲಿನಲ್ಲಿ, ಚಾಂದ್ರಸೇನೀಯ ಕಾಯಸ್ಥ ಪ್ರಭು ಸಮಾಜದ ಮನೆಯಲ್ಲಿ. ಅವರ ಹಿರಿಯರೊಬ್ಬರು ನಾಸಿಕ ಕಡೆಯ ಧೋಡಪ ಕೋಟೆಯ ಕಿಲ್ಲೇದಾರರಾಗಿದ್ದರೆಂದು ಮನೆತನದ ಮಾತು. ಅದರಿಂದ ಧೋಡಪಕರ ಎನಿಸಿಕೊಂಡರು, ಪನ್ವೇಲಿಗೆ ಬಂದ ಮೇಲೆ ಪನ್ವೇಲಕರ ಎನಿಸಿಕೊಂಡರು. ಮಗನನ್ನು ಶಾಲೆಗೆ ಹಾಕುವಾಗ ತಂದೆ ಬರೆಸಿದ್ದು ಮನೆತನದ ಹಳೆಯ ಹೆಸರಾದ ಠಾಕ್ರೆ. ಅಂದರೆ ಹೆಸರು ದೇಶದ್ದೇ. ಇಂಗ್ಲಿಷಿನಿಂದ ಬಂದದ್ದು ಕಾಗುಣಿತ ಮಾತ್ರ. ಕೇಶವರಾಯರಿಗೆ ಕಾದಂಬರಿಕಾರ ಥ್ಯಾಕರೆಯ ಬರಹ ಅಚ್ಚುಮೆಚ್ಚು. ಇಂಗ್ಲಿಷಿನಲ್ಲಿ ತಮ್ಮ ಹೆಸರು ಬರೆಯುವಾಗ ಆ ಲೇಖಕನ ಅಕ್ಷರಗಳನ್ನೇ ತಮ್ಮದಾಗಿಸಿಕೊಂಡರು. ಮಕ್ಕಳು ಮೊಮ್ಮಕ್ಕಳು ಅದನ್ನೇ ಮುಂದುವರಿಸಿದರು.

ಯಾಕೆ ಥ್ಯಾಕರೆಯೇ ಮೆಚ್ಚುಗೆಯಾದ ಎಂಬುದು ಕೇಶವರಾಯರ ಬರಹ ಬಲ್ಲವರಿಗೆ ಒಗಟೇನಲ್ಲ. 1921ರಲ್ಲಿ ಅವರು ಶುರುಮಾಡಿದ 'ಪ್ರಬೋಧನ' ಪತ್ರಿಕೆಯಿಂದಲೇ ಅವರಿಗೆ ಪ್ರಬೋಧನಕಾರ ಎಂಬ ಹೆಸರು ಅಂಟಿತು. ಪುರೋಹಿತಶಾಹಿ, ವರದಕ್ಷಿಣೆ, ಅಸ್ಪೃಶ್ಯತೆಗಳ ಮೇಲೆ ಅವರ ಲೇಖನಿ ಕೊರಡೆಯಂತೆ ಬೀಸುತ್ತಿತ್ತು. ಡಂಭಾಚಾರದ ಸಮಾಜವನ್ನು ನಗುತ್ತಲೇ ಬೆತ್ತಲೆ ಮಾಡಿದ ಇಂಗ್ಲಿಷ್ ಲೇಖಕ ಅಂಥವರಿಗೆ ಹಿಡಿಸಿದ್ದು ಸಹಜ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮುಂಚೂಣಿಯಲ್ಲೂ ಅವರಿದ್ದರು ಎಂಬುದು ಬೆಳಗಾವಿಯವರ ಕಿವಿಗೆ ಇಂಪಾಗಲಿಕ್ಕಿಲ್ಲ. ಆದರೂ ಮಗನ ಮೇಲಿನ ಸಿಟ್ಟಿಗೆ ತಂದೆಯ ಬರಹವನ್ನು ಓದದೆ ಬಿಡುವುದು ನಮಗೇ ನಷ್ಟ.

ಹೀಗೆ ನೋಡಿದರೆ ಎರಡು ವಂಶಗಳ ನಡುವೆ ರಕ್ತದ ಹನಿಯೂ ಹಂಚಿಕೆಯಾಗಿಲ್ಲ. ಆದರೆ ನಂಟು ಇಲ್ಲವೇ ಇಲ್ಲ ಎನ್ನಲೂ ಬರುವುದಿಲ್ಲ. ಒಬ್ಬರ ಮನೆಯ ಹೆಸರನ್ನು ಇನ್ನೊಬ್ಬರು ಇಷ್ಟಪಟ್ಟು ಎತ್ತಿಕೊಂಡು ತಮ್ಮ ಮಕ್ಕಳಿಗೆ ಕೊಟ್ಟು ಮುಂದುವರಿಸಿದರೆ ಅದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ? ದತ್ತಕ. ವಂಶ ಬೆಳೆಯಲು ರಕ್ತವೇ ಬೇಕಿಲ್ಲ, ಒಪ್ಪಿ ಎತ್ತಿಕೊಂಡರೆ ಸಾಕು ಎಂಬ ನಮ್ಮ ನ್ಯಾಯವನ್ನು 1824ರಲ್ಲಿ ಕಿತ್ತೂರಿನ ಕಾಗದದ ಮೇಲೆ ಒಪ್ಪದೆ ಸತ್ತವನು ಸೇಂಟ್ ಜಾನ್ ಥ್ಯಾಕರೆ. ಅವನ ಮನೆತನದ ಹೆಸರು ಇಂದು ಭಾರತದಲ್ಲಿ ಜೀವಂತವಾಗಿರುವುದು ಮಾತ್ರ ಅದೇ ನ್ಯಾಯದಿಂದ. ಇಂಗ್ಲೆಂಡಿನ ಯಾವ ಥ್ಯಾಕರೆಯೂ ಈ ದತ್ತಕಕ್ಕೆ ಸಹಿ ಹಾಕಿಲ್ಲ, ಅಪ್ಪಣೆಯನ್ನೂ ಯಾರೂ ಕೇಳಲಿಲ್ಲ.

ಈ ದತ್ತಕ ಹೆಸರು ನಮ್ಮ ಜಿಲ್ಲೆಗೆ ಮತ್ತೆ ಬಂದದ್ದು ಗಡಿ ತಂಟೆಯಲ್ಲಿ. ಮಹಾಜನ ಆಯೋಗ 1967ರಲ್ಲಿ ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ ಎಂದಿತು. ನಿಪ್ಪಾಣಿ, ಖಾನಾಪುರ ಮತ್ತು ರಾಯಣ್ಣ ಗಲ್ಲಿಗೇರಿದ ನಂದಗಡ ಮಹಾರಾಷ್ಟ್ರಕ್ಕೆ ಹೋಗಲಿ ಎಂದೂ ಅದೇ ಆಯೋಗ ಹೇಳಿತ್ತು. ಅದು ಜಾರಿಯಾಗಲಿಲ್ಲ. 1969ರ ಫೆಬ್ರವರಿಯಲ್ಲಿ ಗಡಿ ವಿಷಯವೆತ್ತಿ ಶಿವಸೇನೆ ಮುಂಬಯಿಯಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರಿಗೆ ಅಡ್ಡಬಂದಿತು. ಬಾಳ ಠಾಕ್ರೆ ಬಂಧನದ ಬೆನ್ನಿಗೆ ನಗರ ದಿನಗಟ್ಟಲೆ ಹೊತ್ತಿ ಉರಿಯಿತು. 1824ರಲ್ಲಿ ಒಬ್ಬ ಥ್ಯಾಕರೆ ದೇಸಾಯರ ಕೋಟೆಗೆ ಅಡ್ಡನಿಂತ, 1969ರಲ್ಲಿ ಒಬ್ಬ ಠಾಕ್ರೆ ದೇಸಾಯರೊಬ್ಬರ ಕಾರಿಗೆ ಅಡ್ಡನಿಂತ ಎಂದು ಚುಟುಕ ಮಾಡುವವರಿಗೆ ಇದು ಹಬ್ಬ. ಕಿತ್ತೂರಿನ ಲಿಂಗಾಯತ ದೇಸಾಯರಿಗೂ ಗುಜರಾತಿನ ಅನಾವಿಲ ಬ್ರಾಹ್ಮಣ ದೇಸಾಯಿಗೂ ಸಂಬಂಧ ಇಲ್ಲ. ದೇಸಾಯಿ ಎಂಬುದು ಕಂದಾಯ ಎತ್ತುವ ಹುದ್ದೆ, ಅದು ಎಲ್ಲೆಲ್ಲಿತ್ತೋ ಅಲ್ಲೆಲ್ಲ ಅಡ್ಡಹೆಸರಾಯಿತು. ಅಂತೂ ಆ ಎರಡು ಜಗಳಗಳಲ್ಲಿ ಎದುರಾದ ನಾಲ್ಕು ಹೆಸರುಗಳಲ್ಲಿ ಯಾವುದಕ್ಕೂ ಇನ್ನೊಂದು ನೆಂಟನಲ್ಲ. 2021ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಉದ್ಧವ ಠಾಕ್ರೆ ಗಡಿಭಾಗವನ್ನು ಕರ್ನಾಟಕ ಆಕ್ರಮಿತ ಪ್ರದೇಶ ಎಂದು ಕರೆದಾಗ ಕಿತ್ತೂರಿನ ಥ್ಯಾಕರೆಯನ್ನು ನೆನಪಿಸಿ ತಮಾಷೆ ಮಾಡುವುದಕ್ಕೆ ನಮ್ಮ ಜನರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಿಟ್ಟು ನ್ಯಾಯವಾದದ್ದೇ. ಚರಿತ್ರೆ ಮಾತ್ರ ತಪ್ಪು.

ಈ ವಿಷಯದಲ್ಲಿ ಕನ್ನಡ ಪತ್ರಿಕೆಗಳು ತಿಳಿದೋ ತಿಳಿಯದೆಯೋ ಒಂದು ಒಳ್ಳೆಯ ಕೆಲಸ ಮಾಡಿವೆ. ಇಂಗ್ಲಿಷಿನಲ್ಲಿ ಇಬ್ಬರದೂ ಒಂದೇ ಕಾಗುಣಿತ, ಓದುಗನಿಗೆ ಗೊಂದಲ ತಪ್ಪದು. ಕನ್ನಡದಲ್ಲಿ ಇವನು ಥ್ಯಾಕರೆ, ಅವರು ಠಾಕ್ರೆ. ಆದರೆ ಈಚೆಗೆ ಇಂಗ್ಲಿಷಿನಿಂದ ಅವಸರದಲ್ಲಿ ಕನ್ನಡಕ್ಕೆ ಇಳಿಸಿದ ಬರಹಗಳಲ್ಲಿ ಕಿತ್ತೂರಿನ ಕಲೆಕ್ಟರನೂ ಠಾಕ್ರೆಯಾಗುತ್ತಿದ್ದಾನೆ. ಪಠ್ಯಪುಸ್ತಕ ಬರೆಯುವವರಾದರೂ ಹಳೆಯ ಭೇದವನ್ನು ಬಿಡಬಾರದು.

ಈ ಹೆಸರು ಹೊತ್ತ ಜಾಗಗಳಲ್ಲೂ ಎರಡು ವಂಶದ ಪಾಲಿದೆ. ಕಲ್ಕತ್ತೆಯ ಅಲಿಪುರದಲ್ಲಿ ಥ್ಯಾಕರೆ ರಸ್ತೆಯಿದೆ, ಕಾದಂಬರಿಕಾರನ ತಂದೆ ರಿಚ್‌ಮಂಡ್ ಅಲ್ಲಿ ಕಲೆಕ್ಟರನಾಗಿದ್ದ. ನಾಗಪುರದಿಂದ ಮುಂಬಯಿಗೆ ಹೋಗುವ ಸಮೃದ್ಧಿ ಮಹಾಮಾರ್ಗಕ್ಕೆ ಬಾಳಾಸಾಹೇಬ ಠಾಕ್ರೆ ಹೆಸರು. ಆಕಾಶದಲ್ಲಿ ಥ್ಯಾಕರೆ ಗ್ಲೋಬ್ಯೂಲ್ಸ್ ಎಂಬ ಕಪ್ಪು ಧೂಳುಮೋಡಗಳಿವೆ. ದಕ್ಷಿಣ ಆಫ್ರಿಕಾದಲ್ಲಿದ್ದ ಖಗೋಳಜ್ಞ ಡೇವಿಡ್ ಥ್ಯಾಕರೆ ಅವನ್ನು 1950ರಲ್ಲಿ ಗುರುತಿಸಿದ. ಕಿತ್ತೂರಿನಲ್ಲಿ ಯಾವ ರಸ್ತೆಗೂ ಓಣಿಗೂ ಈ ಹೆಸರಿಲ್ಲ. ಇರಬೇಕಾಗಿಯೂ ಇಲ್ಲ.

ಹಾಗೆಂದು ನಮ್ಮ ಸೀಮೆಯಲ್ಲಿ ಬಿದ್ದ ಇಂಗ್ಲಿಷ್ ಅಡ್ಡಹೆಸರು ಇದೊಂದೇ ಅಲ್ಲ. ಕಿತ್ತೂರಿನ ಡಿಸೆಂಬರ್ ಕಾಳಗದಲ್ಲಿ ಸತ್ತ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಸರ್ ಥಾಮಸ್ ಮನ್ರೋನ ಅಣ್ಣತಮ್ಮನ ಮಗ. ದೊಡ್ಡ ಮನ್ರೋನ ಮೇಲಿನ ಅಭಿಮಾನಕ್ಕೆ ಅನಂತಪುರ, ಕಡಪದ ಕಡೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಅದೂ ಒಂದು ಬಗೆಯ ದತ್ತಕವೇ, ಜೊತೆಗೆ ಒಂದು 'ಅಪ್ಪ' ಸೇರಿಸಿಕೊಂಡದ್ದು.

ರಾಮದುರ್ಗ ತಾಲ್ಲೂಕಿನ ಸುರೇಬಾನದ್ದು ಇನ್ನೊಂದು ಕಥೆ. 1858ರ ಮೇ 29ರ ರಾತ್ರಿ ಅಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನನ್ನು ನರಗುಂದದ ಬಾಬಾಸಾಹೇಬ ಭಾವೆ ಕೊಂದ. ಅವನ ರುಂಡ ನರಗುಂದದ ಅಗಸೆಯಲ್ಲಿ ನೇತಾಡಿತು. ನರಗುಂದದ ಸಿಟ್ಟಿನ ಬೇರೂ ದತ್ತಕದಲ್ಲೇ ಇತ್ತು: ಮಕ್ಕಳಿಲ್ಲದ ಬಾಬಾಸಾಹೇಬನಿಗೆ ದತ್ತಕದ ಅನುಮತಿ ಸಿಕ್ಕಿರಲಿಲ್ಲ. ರಾಮದುರ್ಗದ ದೊರೆ ಅವನ ಮಲಸಹೋದರ. ಅವನು ಕಂಪನಿಯ ಪಕ್ಷದಲ್ಲಿ ಉಳಿದ, ಅವನ ಸಂಸ್ಥಾನವೂ ಉಳಿಯಿತು. ಬಾಬಾಸಾಹೇಬನನ್ನು 1858ರ ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇಂದು ಚಾರ್ಲ್ಸ್ ಮ್ಯಾನ್ಸನ್ ಎಂದು ಹುಡುಕಿದರೆ ಸಿಗುವವನು ಕ್ಯಾಲಿಫೋರ್ನಿಯದ ಕೊಲೆಗಡುಕ. ಅವನು ಹುಟ್ಟಿದ ಹೆಸರು ಬೇರೆ, ಮ್ಯಾನ್ಸನ್ ಎಂಬುದು ಮಲತಂದೆಯಿಂದ ಬಂದದ್ದು. ಸುರೇಬಾನದಲ್ಲಿ ಸತ್ತವನು ಅವನ ಅಡಿಯಲ್ಲಿ ಹೂತುಹೋಗಿದ್ದಾನೆ.

ಕಿತ್ತೂರಿನಲ್ಲಿ ಅಕ್ಟೋಬರ್ 23ರಂದು ಸೆರೆಸಿಕ್ಕ ಇಬ್ಬರು ಸಹಾಯಕರಲ್ಲಿ ಒಬ್ಬ ಸ್ಟೀವನ್ಸನ್, ಇನ್ನೊಬ್ಬ 21 ವರ್ಷದ ವಾಲ್ಟರ್ ಎಲಿಯಟ್. ಅವರನ್ನು ಚೆನ್ನಾಗಿ ನೋಡಿಕೊಂಡು ಡಿಸೆಂಬರ್ 2ರಂದು ಬಿಟ್ಟುಬಿಟ್ಟರು. ಥ್ಯಾಕರೆಗಿಂತ ಈ ಎಲಿಯಟ್ ನಮಗೆ ಹೆಚ್ಚು ಬೇಕಾದವನು ಎಂದು ನನ್ನ ಎಣಿಕೆ. ಸೆರೆಯಿಂದ ಹೊರಬಂದವನು ಇದೇ ಸೀಮೆಯಲ್ಲಿ ವರ್ಷಗಟ್ಟಲೆ ಉಳಿದ, ಕನ್ನಡ ಕಲ್ಬರಹಗಳ 595 ಪ್ರತಿಗಳನ್ನು ಮಾಡಿಸಿ ಕೂಡಿಹಾಕಿದ. ಮುಂದೆ ಚಾಲುಕ್ಯರ, ಸವದತ್ತಿಯ ರಟ್ಟರ ಚರಿತ್ರೆ ಬರೆದ ಫ್ಲೀಟ್ ಮೊದಲಾದವರಿಗೆ ಆ ಸಂಗ್ರಹ ಆಧಾರವಾಯಿತು. ಅಮರಾವತಿಯಲ್ಲಿ ಅವನು ಅಗೆಸಿದ ಶಿಲ್ಪಗಳನ್ನು ಎಲಿಯಟ್ ಮಾರ್ಬಲ್ಸ್ ಎಂದು ಕರೆದರು. ಅವು ಬ್ರಿಟಿಷ್ ಮ್ಯೂಸಿಯಮ್ ಸೇರಿವೆ. ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಅಚ್ಚು ಹಾಕಿಸಿ ಅವುಗಳ ಕನ್ನಡ ಹೆಸರುಗಳನ್ನೂ ಕೊಟ್ಟ. ಹೊಲದ ಬೇಲಿಯಲ್ಲಿ ಓಡಾಡುವ, ಕನ್ನಡದಲ್ಲಿ ಗುಲಂದಿ ಎನಿಸಿಕೊಂಡ ಸಣ್ಣ ಇಲಿಯೊಂದಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ಗೋಲುಂಡ ಎಲಿಯೋಟಿ.